ಕೈ ಸಡಿಲ ಬಿಡು

ಯಾದಗಿರಿ ಜಿಲ್ಲಾ ಆಸ್ಪತ್ರೆ, ಹಳೇ ಕಟ್ಟಡ.
ಹಜ್‌ಗೆ ಹೊರಟವರ ಸಾಲು ಮೆಟ್ಟಿಲಿಳಿದು
ಬೇವಿನ ಗಿಡದ ತನಕ ಬಂದಿತ್ತು.
ಒಂಬತ್ತಕ್ಕೇ ಬಿಸಿಲು ಬಾಗಿಲಲ್ಲಿ ಕೂತಿತ್ತು.
ನಾನು ಐಸ್ ಡಬ್ಬಿ ತೆರೆದು ಸಿರಿಂಜು ಎಣಿಸುತ್ತಿದ್ದೆ.

ನಲವತ್ಮೂರನೇ ಹೆಸರು: ಜೈತುನಬಿ, ಗಂಡ ಲಾಲಸಾಬ,
ಮುಕ್ಕಾಂ ಶಹಾಪುರ, ವಯಸ್ಸು ಅರವತ್ತೆಂಟು.
ಮುಖಕ್ಕಿಂತ ಮೊದಲು ಕಂಡದ್ದು ಕೈ,
ಬಳೆ ತೊಡಿಸಿ ತೊಡಿಸಿ
ಹೆಬ್ಬೆರಳು ಒಂದು ಬದಿಗೆ ವಾಲಿದ ಕೈ.
‘ಏ ಸಿಸ್ಟರಮ್ಮ, ನೀನೇ ಏನ? ದಪ್ಪ ಆಗಿದಿ.’

ತೋಳು ಮೇಲೇರಿಸಿದಳು. ಅಲ್ಲೊಂದು ಹಳೇ ಕಲೆ,
ನಾಲ್ಕಾಣೆಯಷ್ಟು, ಸುಟ್ಟ ಹಪ್ಪಳದ ಹಾಗೆ ಮುರುಟಿದ್ದು.
ಸಿಡುಬಿನ ಸೂಜಿ. ಗೋಗಿಯಲ್ಲಿ, ಲಂಗದ ವಯಸ್ಸಿನಲ್ಲಿ,
ತೊಗರಿ ಹೊಲದೊಳಗೆ ಓಡಿದ್ದಳಂತೆ,
ಕಾಂಪೌಂಡರ್ ಚಪ್ಪಲಿ ಬಿಟ್ಟು ಬೆನ್ನು ಹತ್ತಿದ್ದನಂತೆ.
‘ಆವಾಗ ನನ್ನ ಹಿಡಿಲಾಕ ಇಬ್ಬರು ಬೇಕಾದ್ರು.
ಈಗ ನೋಡು, ರೊಕ್ಕ ಕಟ್ಟಿ ನಾನೇ ಬಂದೀನಿ.’

ಅಂದಳು, ಆದರೆ ತೋಳು ಕಲ್ಲಾಗಿತ್ತು.
‘ಕೈ ಸಡಿಲ ಬಿಡ್ರಿ.’
ನಕ್ಕುಬಿಟ್ಟಳು. ನಲವತ್ತು ವರ್ಷ
ಅವಳೇ ಊರಿಗೆ ಹೇಳಿದ ಮಾತು ಅದು,
ಮದುಮಗಳಿಗೆ, ಬಸುರಿಗೆ, ಹಟ ಹಿಡಿದ ಕೂಸಿಗೆ:
ಕೈ ಸಡಿಲ ಬಿಡವಾ, ಗಾಜು ಅಂಜಿದವರಿಗೇ ಚುಚ್ಚತದ.
ಅವಳಿಗೆ ಯಾರೂ ಹೇಳಿರಲಿಲ್ಲ.

ಸೂಜಿ ಮುಗಿಯಿತು. ಇನ್ನು ಹನಿ.
ಈ ವಯಸ್ಸಿಗೆ ಪೋಲಿಯೊ ಹನಿ ಯಾಕೆಂದು
ಆಗಷ್ಟೇ ಒಬ್ಬ ರಿಟೈರ್ಡ್ ಮಾಸ್ತರರು ಕೇಳಿದ್ದರು;
ಅಲ್ಲಿಯ ಕಾಯಿದೆ ರೀ, ಅಂದಿದ್ದೆ.
ಜೈತುನಬಿ ಕೇಳಲಿಲ್ಲ. ಕತ್ತು ಎತ್ತಿ ಬಾಯಿ ತೆರೆದಳು.
ತೆರೆದ ರೀತಿಗೆ ನನ್ನ ಕೈ ನಿಂತುಹೋಯಿತು.

ಆ ವರ್ಷ ನಾನು ಕೆಲಸಕ್ಕೆ ಹೊಸಬಳು.
ಹನಿ ಕುಡಿದ ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ
ಎಂಬ ಸುದ್ದಿ ಓಣಿ ಓಣಿ ತಿರುಗಿತ್ತು,
ಅವರ ಓಣಿ, ನಮ್ಮ ಓಣಿ, ನನ್ನ ಅತ್ತೆಯ ಬಾಯಿ.
ಮುಚ್ಚಿದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ
ಗುಣಾಕಾರದ ಗುರುತು ಬರೆದೂ ಬರೆದೂ ಬೆರಳು ಬೆಳ್ಳಗಾದವು.
ಡಬ್ಬಿ ತುಂಬಿದ್ದದ್ದು ತುಂಬಿದಂತೇ ಇತ್ತು.
ಆಗ ಬಳೆ ಬುಟ್ಟಿ ಹೊತ್ತು ಎದುರಾದವಳು ಇವಳು.
‘ನಡಿ. ನನಗ ತೆರಿಯದ ಬಾಗಿಲ ಯಾವುದದ ನೋಡಾಮು.’
ಅಂಗಳ ಅಂಗಳದಲ್ಲಿ ಬುಟ್ಟಿ ಇಳಿಸಿ,
ತಾಯಂದಿರ ಎದುರು ಕತ್ತೆತ್ತಿ ಬಾಯಿ ತೆರೆದು,
‘ಮೊದಲ ನನಗ ಹಾಕು. ವಿಷ ಇದ್ರ ನಾ ಸಾಯ್ತೀನಿ,
ಸೇಠನ ಬಾಕಿ ಭಾಳ ಅದ, ಕೊಡೋದು ತಪ್ಪತದ!’
ಮೊದಲು ನಗು ಹೊರಗೆ ಬಂತು,
ಆಮೇಲೆ ಸೆರಗಿನ ಹಿಂದಿನಿಂದ ಒಂದೊಂದೇ ಕೂಸು.

ಈಗ ಫಾರ್ಮಿನಲ್ಲಿ ಒಂದು ಕಾಲಂ:
ಈ ಮೊದಲು ಪೋಲಿಯೊ ಹನಿ ಪಡೆದಿದ್ದಾರೆಯೇ? ಎಷ್ಟು ಬಾರಿ?
ನಲವತ್ತೆರಡು ಜನಕ್ಕೆ ಅಡ್ಡಗೆರೆ ಎಳೆದಿದ್ದೆ.
ಪೆನ್ನು ಹಿಡಿದು ಕೂತೆ. ಎಷ್ಟು ಅಂಗಳ? ಎಷ್ಟು ಭಾನುವಾರ?
ಯಾವ ರಿಜಿಸ್ಟರಿನಲ್ಲೂ ಆ ಹನಿಗಳಿಲ್ಲ;
ವೇಸ್ಟೇಜ್ ಅಂತ ತೋರಿಸಿದ್ದೆ,
ಸಾಹೇಬರು ಬೈದಿದ್ದರು.

‘ಅವು ಮಂದೀವು,’ ಅಂದಳು, ಕಹಿಗೆ ಮುಖ ಕಿವುಚಿ.
‘ಇದೊಂದೇ ನನ್ನ ಹೆಸರಿಲೆ ಬಂದದ್ದು. ಇಲ್ಲ ಅಂತ ಬರಿ.’
ಬರೆದೆ. ಸರಕಾರಿ ಕಾಗದದಲ್ಲಿ
ಆ ಒಂದು ಸುಳ್ಳು ನನ್ನ ಅಕ್ಷರದಲ್ಲಿದೆ.

ಎದ್ದವಳು ತಿರುಗಿ ಎಡಗೈ ಕಿರುಬೆರಳು ಚಾಚಿದಳು.
‘ಮತ್ತ ಇಂಕು?’
ದೊಡ್ಡವರಿಗೆ ಇಂಕು ಇಲ್ಲ ಅಂದೆ.
ಬೆರಳು ಹಾಗೇ ಇತ್ತು.
ಚೀಲದ ತಳದಲ್ಲಿ ಒಣಗಿದ ಮಾರ್ಕರ್ ಸಿಕ್ಕಿತು.
ಸ್ಪಿರಿಟ್ ಹತ್ತಿಗೆ ತುದಿ ಒತ್ತಿ, ತಿಕ್ಕಿ,
ಉಗುರಿನ ಮೇಲೆ ಒಂದು ಗೆರೆ ಎಳೆಯುವಷ್ಟರಲ್ಲಿ
ನಲವತ್ನಾಲ್ಕನೆಯವರು ಎರಡು ಸಲ ಕೆಮ್ಮಿದರು.